ಗಳಗ್ರಂಥಿಯ ಅರ್ಬುದವೂ ಆನುವಂಶಿಕತೆಯೂ: ಬೆಂಗಳೂರಿನ ಎರಡು ದಾಖಲೆಗಳ ಹಿನ್ನೆಲೆಯಲ್ಲಿ

ಸುಶ್ರುತ ಸಂಹಿತೆಯ ನಿದಾನಸ್ಥಾನವು ಗ್ರಂಥಿ, ಅಪಚಿ, ಅರ್ಬುದ, ಗಲಗಂಡ ಈ ನಾಲ್ಕನ್ನೂ ಒಂದೇ ಅಧ್ಯಾಯದಲ್ಲಿ ನಿರೂಪಿಸುತ್ತದೆ. ಹೊರಗಣ್ಣಿಗೆ ಇವೆಲ್ಲವೂ ಬಾವುಗಳೇ ಆದುದರಿಂದ ಪ್ರಾಚೀನರು ಅವುಗಳನ್ನು ಒಟ್ಟಿಗೆ ಸೇರಿಸಿದುದು ಸಹಜವೇ ಸರಿ. ಆಧುನಿಕ ವೈದ್ಯವು ಅಯೋಡಿನ್ ಕೊರತೆಯಿಂದ ಬರುವ ಗಳಗಂಡವನ್ನೂ ಥೈರಾಯ್ಡ್ ಗ್ರಂಥಿಯ ಅರ್ಬುದವನ್ನೂ ಬೇರ್ಪಡಿಸಿದೆ. ಆದರೆ ರೋಗಿಯ ಮನೆಯವರು ಕೇಳುವ ಪ್ರಶ್ನೆಯೊಂದು ಉಳಿದೇ ಇದೆ: ಈ ವ್ಯಾಧಿಯು ವಂಶದಲ್ಲಿ ಇಳಿದುಬರುವುದೇ? ರಕ್ತಸಂಬಂಧದಲ್ಲಿ ಮದುವೆಯಾದುದೇ ಇದಕ್ಕೆ ಕಾರಣವೆಂಬ ಉತ್ತರವೂ ನಮ್ಮಲ್ಲಿ ಸಿದ್ಧವಾಗಿರುವುದುಂಟು. ಈ ಉತ್ತರವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರೀಕ್ಷಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಬೆಂಗಳೂರಿನಲ್ಲಿ ಈ ಪರೀಕ್ಷೆಗೆ ಒದಗುವ ದಾಖಲೆಗಳು ಎರಡು. 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು ನಡೆಸಿಕೊಂಡು ಬಂದಿರುವ ಅರ್ಬುದ ನೋಂದಣಿಯು ಮೊದಲನೆಯದು; ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1981ರಲ್ಲಿ ರಾಷ್ಟ್ರೀಯ ಯೋಜನೆಯನ್ನು ಕೈಗೊಂಡಾಗ ಮುಂಬಯಿ, ಮದರಾಸುಗಳೊಡನೆ ಬೆಂಗಳೂರನ್ನೂ ಆರಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ಜನಿಸಿದ ಶಿಶುಗಳ ರಕ್ತವನ್ನು ಪರೀಕ್ಷಿಸಿದುದು ಎರಡನೆಯದು. ಆ ಶಿಶುಗಳ ತಂದೆತಾಯಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗದವರು ಸೋದರಮಾವ–ಸೊಸೆ ಅಥವಾ ಅತ್ತೆ–ಮಾವನ ಮಕ್ಕಳು ಮೊದಲಾದ ರಕ್ತಸಂಬಂಧದಲ್ಲಿಯೇ ವಿವಾಹವಾದವರೆಂದು ಇದರಿಂದ ತಿಳಿದುಬಂದಿತು.

ಈ ಎರಡು ದಾಖಲೆಗಳನ್ನು ಅಕ್ಕಪಕ್ಕದಲ್ಲಿಟ್ಟು, ಸಂಬಂಧದ ಮದುವೆಗಳು ಹೆಚ್ಚು, ಆದುದರಿಂದ ಅರ್ಬುದವೂ ಹೆಚ್ಚು ಎಂದು ತೀರ್ಮಾನಿಸುವುದು ಸುಲಭ. ಆದರೆ ಅದು ಯುಕ್ತವಲ್ಲ. ತಂದೆತಾಯಿಗಳಿಬ್ಬರಿಂದಲೂ ದೋಷಯುಕ್ತ ವಂಶವಾಹಿ ಬಂದಾಗ ಮಾತ್ರ ತಲೆದೋರುವ ರೋಗಗಳು ರಕ್ತಸಂಬಂಧದ ವಿವಾಹದಿಂದ ಹೆಚ್ಚುತ್ತವೆ. ಹುಟ್ಟಿನಿಂದಲೇ ಥೈರಾಯ್ಡ್ ರಸವನ್ನು ತಯಾರಿಸಲಾಗದ ಕೆಲವು ಬಗೆಯ ಗಳಗಂಡಗಳು ಈ ಗುಂಪಿಗೆ ಸೇರಿದವು. ಗಳಗ್ರಂಥಿಯ ಅರ್ಬುದಗಳಲ್ಲಿ ಆನುವಂಶಿಕವೆಂದು ಅತ್ಯಂತ ಸ್ಪಷ್ಟವಾಗಿ ಸಿದ್ಧಪಟ್ಟಿರುವ ಬಗೆಯಾದರೋ ಬೇರೊಂದು ನಿಯಮವನ್ನು ಅನುಸರಿಸುತ್ತದೆ.

ಅದರ ಇತಿಹಾಸವು ಸಂಕ್ಷೇಪವಾಗಿ ಹೀಗಿದೆ. ಮೆಡ್ಯುಲರಿ ಅರ್ಬುದವೆಂಬ ಪ್ರತ್ಯೇಕ ಬಗೆಯನ್ನು 1959ರಲ್ಲಿ ಅಮೆರಿಕದ ಹ್ಯಾಜರ್ಡ್, ಹಾಕ್, ಕ್ರೈಲ್ ಎಂಬವರು ಗುರುತಿಸಿದರು. 1961ರಲ್ಲಿ ಸಿಪ್ಪಲ್ ಎಂಬ ವೈದ್ಯನು ಥೈರಾಯ್ಡ್ ಅರ್ಬುದವೂ ಅಡ್ರಿನಲ್ ಗ್ರಂಥಿಯ ಗಡ್ಡೆಯೂ ಒಟ್ಟಿಗೆ ಕಾಣಿಸಿಕೊಳ್ಳುವುದನ್ನು ಗಮನಿಸಿದನು. 1985ರಲ್ಲಿ ಜಪಾನಿನ ತಕಹಾಶಿಯು ರೆಟ್ ಎಂಬ ವಂಶವಾಹಿಯನ್ನು ವರ್ಣಿಸಿದನು. 1993ರಲ್ಲಿ ಅದರ ವ್ಯತ್ಯಯವೇ ಈ ಕೌಟುಂಬಿಕ ರೋಗಕ್ಕೆ ಮೂಲವೆಂದು ಸಿದ್ಧವಾಯಿತು. ಇಲ್ಲಿ ತಂದೆ ಅಥವಾ ತಾಯಿ, ಒಬ್ಬರಿಂದ ಬಂದ ದೋಷವೇ ಸಾಕು. ದಂಪತಿಗಳು ಪರಸ್ಪರ ಸಂಬಂಧಿಗಳಿರಲಿ, ಅಪರಿಚಿತ ಮನೆತನದವರಿರಲಿ, ಅವರಲ್ಲಿ ಒಬ್ಬರು ಈ ವ್ಯತ್ಯಯವನ್ನು ಹೊತ್ತಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ಆದುದರಿಂದ ಈ ರೋಗಕ್ಕೆ ಸೋದರಮಾವನನ್ನು ವರಿಸಿದ ಹೆಣ್ಣನ್ನು ಹೊಣೆಮಾಡುವುದು ಶಾಸ್ತ್ರಕ್ಕೂ ನ್ಯಾಯಕ್ಕೂ ವಿರುದ್ಧವಾದುದು.

ಆದರೆ ಮೆಡ್ಯುಲರಿ ಬಗೆಯು ಅಲ್ಪಸಂಖ್ಯಾತವಾದುದು. ಅದರಲ್ಲಿಯೂ ಸುಮಾರು ನಾಲ್ಕನೆಯ ಒಂದು ಭಾಗ ಮಾತ್ರ ಆನುವಂಶಿಕ. ಹೆಚ್ಚಾಗಿ ಕಾಣಬರುವ ಪ್ಯಾಪಿಲರಿ ಬಗೆಯಲ್ಲಿ ಅನೇಕ ಅಲ್ಪಬಲದ ವ್ಯತ್ಯಯಗಳು ಸೇರಿ ಒಲವನ್ನು ಮಾತ್ರ ಉಂಟುಮಾಡುತ್ತವೆ. ಐಸ್‌ಲ್ಯಾಂಡಿನ ಸಂಶೋಧಕರು 2009ರಲ್ಲಿ 9ನೆಯ ಮತ್ತು 14ನೆಯ ವರ್ಣತಂತುಗಳಲ್ಲಿ ಇಂತಹ ಎರಡು ಸ್ಥಾನಗಳನ್ನು ತೋರಿಸಿದರು. ಆ ನಿರ್ಣಯವು ಯೂರೋಪಿಯನ್ ಮೂಲದ ಜನರನ್ನು ಆಧರಿಸಿದುದು. ಅದನ್ನು ಕರ್ನಾಟಕದ ಜನಸಮುದಾಯಗಳಿಗೆ ಪರೀಕ್ಷೆಯಿಲ್ಲದೆ ಅನ್ವಯಿಸುವುದು ಸಾಧುವಲ್ಲ.

ಇನ್ನೊಂದು ಎಚ್ಚರಿಕೆಯೂ ಅವಶ್ಯಕ. ನೋಂದಣಿಯಲ್ಲಿ ಸಂಖ್ಯೆ ಏರಿದ ಮಾತ್ರಕ್ಕೆ ವಂಶದೋಷವು ಏರಿತೆನ್ನಲಾಗದು. ಒಂದೆರಡು ತಲೆಮಾರುಗಳಲ್ಲಿ ಜನಾಂಗದ ವಂಶವಾಹಿಗಳು ಅಷ್ಟಾಗಿ ಬದಲಾಗುವುದಿಲ್ಲ. ದಕ್ಷಿಣ ಕೊರಿಯದಲ್ಲಿ ಶ್ರವಣಾತೀತ ಧ್ವನಿಯ ತಪಾಸಣೆಯು ವ್ಯಾಪಕವಾದ ಮೇಲೆ, 1993ರಿಂದ 2011ರೊಳಗೆ ಈ ಅರ್ಬುದದ ಪ್ರಮಾಣವು ಸುಮಾರು ಹದಿನೈದು ಪಟ್ಟಾಯಿತು; ಮರಣದ ಪ್ರಮಾಣವಾದರೋ ಇದ್ದಂತೆಯೇ ಉಳಿಯಿತು. ಹೆಚ್ಚಿದುದು ಬಹುಮಟ್ಟಿಗೆ ರೋಗವಲ್ಲ, ಹುಡುಕಾಟ.

ಹಾಗಾದರೆ ನಮ್ಮ ದಾಖಲೆಗಳಲ್ಲಿರುವ ಕೊರತೆ ಯಾವುದು? ಅರ್ಬುದ ನೋಂದಣಿಯ ಘಟಕವು ವ್ಯಕ್ತಿಯೇ ಹೊರತು ಮನೆತನವಲ್ಲ; ವಯಸ್ಸು, ವಾಸಸ್ಥಳ, ರೋಗದ ಅಂಗ ಇವು ಅದರಲ್ಲಿ ದಾಖಲಾಗುತ್ತವೆ. ಶಿಶುಗಳ ಸಮೀಕ್ಷೆಯಲ್ಲಿ ಸಂಬಂಧವುಂಟು, ಅರ್ಬುದವಿಲ್ಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಂತಹ ಬಡಾವಣೆಗಳಿಗೆ ಜನರು ನಾನಾ ಜಿಲ್ಲೆಗಳಿಂದ ಬಂದು ನೆಲೆಸಿದ್ದಾರೆ. ಅಣ್ಣನು ಇಲ್ಲಿ, ತಂಗಿಯು ಕೆಂಗೇರಿಯಲ್ಲಿ, ದೊಡ್ಡಪ್ಪನು ಊರಿನಲ್ಲಿ ಚಿಕಿತ್ಸೆ ಪಡೆದರೆ, ಒಂದೇ ಮನೆತನದ ಮೂರು ರೋಗಿಗಳು ಮೂರು ಬಿಡಿ ಸಂಗತಿಗಳಾಗಿಬಿಡುತ್ತಾರೆ.

ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ರೆಟ್ ದೋಷವನ್ನು ಹೊತ್ತ ಮಕ್ಕಳಲ್ಲಿ ರೋಗವು ಹರಡುವ ಮುನ್ನವೇ ಗ್ರಂಥಿಯನ್ನು ತೆಗೆದುಹಾಕಬಹುದೆಂದು 1994ರಲ್ಲಿ ವೆಲ್ಸ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಅನಂತರ ಜೀವಮಾನವಿಡೀ ದಿನಕ್ಕೊಂದು ಥೈರಾಕ್ಸಿನ್ ಗುಳಿಗೆ ಬೇಕಾಗುವುದು, ನಿಜ. ಆದರೆ ಮಗುವು ಉಳಿಯುತ್ತದೆ. ದೋಷವಿಲ್ಲವೆಂದು ತಿಳಿದ ಮಗುವಿಗೆ ಶಸ್ತ್ರವೂ ಬೇಡ, ಭಯವೂ ಬೇಡ. ಇದಕ್ಕೆಲ್ಲ ಮೊದಲು ಬೇಕಾದುದು ಮೂರು ತಲೆಮಾರಿನ ವಂಶವೃಕ್ಷ. ಮದುವೆಯ ಮಾತಿನಲ್ಲಿ ಗೋತ್ರ, ಬೆಡಗು, ಬಳಿಗಳನ್ನು ತಪ್ಪದೆ ವಿಚಾರಿಸುವ ನಮ್ಮ ಹಿರಿಯರಿಗೆ ಮನೆತನದ ನೆನಪು ಹೊಸದಲ್ಲ. ಆ ನೆನಪನ್ನು ದೂಷಣೆಗಾಗಿ ಅಲ್ಲದೆ ರಕ್ಷಣೆಗಾಗಿ ಬರೆದಿಡುವ ಕಾರ್ಯದಲ್ಲಿ ವೈದ್ಯರೊಡನೆ ಇತಿಹಾಸದ ವಿದ್ಯಾರ್ಥಿಗಳೂ ಪಾಲುಗೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.