ಸೈಟು ಹಂಚಿದ್ದು ಸರ್ಕಾರ, ಸೂರು ಕೊಟ್ಟಿದ್ದು ಹಳ್ಳಿ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಮನೆಯ ಮಾತೆತ್ತಿದರೆ ನಮಗೆ ಎರಡು ದೂರು ಕೇಳಿಸುತ್ತವೆ. ವಸತಿ ರಸ್ತೆಗಳಲ್ಲಿ ಅಂಗಡಿ, ಗೋದಾಮು, ಪಿಜಿ ತುಂಬಿ ನೆಮ್ಮದಿ ಹಾಳಾಯಿತು ಎಂಬುದು ರಾಜಾಜಿನಗರ, ಬಸವೇಶ್ವರನಗರದವರ ದೂರು. ಮನೆ ಕಟ್ಟಿ ವರ್ಷಗಳೇ ಕಳೆದರೂ ಖಾತೆ ಸರಿಯಾಗಲಿಲ್ಲ ಎಂಬುದು ಲಗ್ಗೆರೆ, ಸುಂಕದಕಟ್ಟೆ ಕಡೆಯವರ ದೂರು. ಮೊದಲಿನವರು ನಿಯಮ ಬಿಗಿಯಾಗಲಿ ಎನ್ನುತ್ತಾರೆ, ಎರಡನೆಯವರು ಸಡಿಲವಾಗಲಿ ಎನ್ನುತ್ತಾರೆ. ಇಬ್ಬರ ಜಗಳವೂ ಒಂದೇ ಇತಿಹಾಸದಿಂದ ಹುಟ್ಟಿದ್ದು.

1941ರಲ್ಲಿ ಸುಮಾರು 4 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1951ರ ಹೊತ್ತಿಗೆ 8 ಲಕ್ಷದ ಹತ್ತಿರ ಬಂದಿತ್ತು. ಯುದ್ಧಕಾಲದ ಕಾರ್ಖಾನೆಗಳು ಜನರನ್ನು ಕರೆದವು, ಮನೆಗಳು ಮಾತ್ರ ಸಾಲಲಿಲ್ಲ. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ, ಅಂದರೆ ಹಳಬರು ಈಗಲೂ 'ಸಿಐಟಿಬಿ' ಎನ್ನುವ ಸಂಸ್ಥೆ, ಹುಟ್ಟಿತು. 1949ರ ಜುಲೈ 3ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಕೈಗಾರಿಕಾ ಉಪನಗರವೊಂದಕ್ಕೆ ಅಡಿಗಲ್ಲು ಹಾಕಿದರು. ಅವರ ಹೆಸರಿನಲ್ಲೇ ಅದು ರಾಜಾಜಿನಗರವಾಯಿತು.

ಕಾರ್ಖಾನೆ ಒಂದು ಕಡೆ, ಕೆಲಸಗಾರರ ಮನೆ ನಡೆದು ಹೋಗುವಷ್ಟು ದೂರದಲ್ಲಿ ಎಂಬುದು ಅಲ್ಲಿನ ಆಲೋಚನೆ. 1957ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಅಲ್ಲಿಗೆ ಬಂತು. ಕಾರ್ಮಿಕರಿಗಾಗಿ ಇಎಸ್‌ಐ ಆಸ್ಪತ್ರೆಯೂ ಬಂತು. ಗೃಹಮಂಡಳಿ ಬಸವೇಶ್ವರನಗರದಲ್ಲಿ ಕಾಲೋನಿ, ಕೆಂಗೇರಿಯಲ್ಲಿ ಉಪನಗರ ಕಟ್ಟಿತು. ಆದರೆ ಸರ್ಕಾರ ಹೆಚ್ಚಾಗಿ ಹಂಚಿದ್ದು ಮನೆಯನ್ನಲ್ಲ, ಸೈಟನ್ನು. 1976ರಲ್ಲಿ ಸಿಐಟಿಬಿ ಜಾಗಕ್ಕೆ ಬಿಡಿಎ ಬಂದ ಮೇಲೂ ಇದು ಬದಲಾಗಲಿಲ್ಲ. ಬಿಡಿಎಯ 1984ರ ಹಂಚಿಕೆ ನಿಯಮದ ಪ್ರಕಾರ ಸೈಟು ಸಿಕ್ಕವರು ಹತ್ತು ವರ್ಷ ಗುತ್ತಿಗೆದಾರರಂತಿದ್ದು ಆಮೇಲೆ ಕ್ರಯಪತ್ರ ಪಡೆಯಬೇಕು. ಕ್ರಯಪತ್ರ ಕೈಗೆ ಬಂದ ದಿನ ಆ ಜಾಗ ಮಾರುಕಟ್ಟೆಯದಾಯಿತು. ಮೊದಲ ತಲೆಮಾರಿಗೆ ಅಗ್ಗದ ದರದಲ್ಲಿ ಸಿಕ್ಕ ಸೈಟನ್ನು, ಅದೇ ಕಾರ್ಖಾನೆಗೆ ಸೇರಿದ ಎರಡನೇ ತಲೆಮಾರಿನ ಕೆಲಸಗಾರ ಕೊಳ್ಳಲಾರ. ಸರ್ಕಾರದ ಸಹಾಯ ಒಂದೇ ಕುಟುಂಬಕ್ಕೆ, ಒಂದೇ ಸಲಕ್ಕೆ ಮುಗಿಯಿತು.

ಹಾಗಾದರೆ ಉಳಿದವರು ಎಲ್ಲಿದ್ದರು? ಹಳ್ಳಿಯಲ್ಲಿ. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಮಾರೇನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ, ಮೂಡಲಪಾಳ್ಯ ಇವೆಲ್ಲ ಬಡಾವಣೆಗಿಂತ ಮೊದಲೇ ಇದ್ದ ಊರುಗಳು. ಸುತ್ತಲ ಹೊಲ ಬಡಾವಣೆಗೆ ಹೋಯಿತು, ಊರಿನ ಗ್ರಾಮಠಾಣಾ ಮಾತ್ರ ಉಳಿಯಿತು. ಹೊಲ ಹೋದ ಮೇಲೆ ಬಾಡಿಗೆಯೇ ಬೆಳೆಯಾಯಿತು. ದನದ ಕೊಟ್ಟಿಗೆ ಇದ್ದಲ್ಲಿ ವಠಾರ ಎದ್ದಿತು, ಒಂದು ಕೋಣೆ, ಒಂದು ಅಡುಗೆಮನೆ, ನಾಲ್ಕು ಮನೆಗೆ ಒಂದು ನಲ್ಲಿ. ಗಿರಣಿ ಕೆಲಸದವರು, ಆಟೋ ಓಡಿಸುವವರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಊರಿನಿಂದ ಓದಲು ಬರುವ ನಮ್ಮಂಥವರು ತಲೆ ಮರೆಸಿಕೊಂಡದ್ದು ಇಲ್ಲೇ. ನಕ್ಷೆಯಲ್ಲಿ ಹೆಸರಿಲ್ಲದ ಈ ಓಣಿಗಳು ನಗರದ ಅಗ್ಗದ ವಸತಿ ಯೋಜನೆಯಾಗಿ ದುಡಿದವು.

ನಕ್ಷೆಗೂ ಬಣ್ಣಗಳಿವೆ. 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ತಯಾರಾಗುವ ಮಹಾಯೋಜನೆ ಇದು ವಸತಿ, ಇದು ಕೈಗಾರಿಕೆ, ಇದು ಹಸಿರು ವಲಯ ಎಂದು ಗೆರೆ ಎಳೆಯುತ್ತದೆ. ಹಸಿರು ವಲಯದ ರೈತನಿಗೆ ಎರಡು ಕಷ್ಟ. ಜಮೀನನ್ನು ಬಡಾವಣೆ ಮಾಡಲು ಅನುಮತಿ ಸಿಗದು. ಇಂದಲ್ಲ ನಾಳೆ ನೋಟಿಫಿಕೇಶನ್ ಬಂದರೆ ಸಿಗುವ ಪರಿಹಾರ ಕಡಿಮೆ. ಹಾಗಾಗಿ ಮಧ್ಯವರ್ತಿಗಳ ಮೂಲಕ 20x30ರ ರೆವಿನ್ಯೂ ಸೈಟುಗಳು ಮಾರಾಟವಾದವು. ಪಾರ್ಕ್, ಅಗಲ ರಸ್ತೆ, ಚರಂಡಿ ಬಿಟ್ಟಿದ್ದರಿಂದಲೇ ಅವು ಅಗ್ಗ. ಕೊಂಡವರು ಬೇರೆಲ್ಲೂ ಕೊಳ್ಳಲಾಗದವರು.

ಇಂಥ ಮನೆಗಳಿಗೆಂದು ಬಂದ 'ಅಕ್ರಮ-ಸಕ್ರಮ' 2014ರಲ್ಲಿ ನಿಯಮವಾಯಿತು, 2016ರ ಕೊನೆಗೆ ಹೈಕೋರ್ಟಿನಲ್ಲಿ ಗೆದ್ದಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆಗೆ ಸಿಕ್ಕಿತು. ದಂಡ ಕಟ್ಟಿದರೆ ತಪ್ಪು ಸರಿಯೇ ಎಂಬ ವಿರೋಧಿಗಳ ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾಲ್ಕಂತಸ್ತಿನ ವಾಣಿಜ್ಯ ಕಟ್ಟಡವನ್ನೂ ಶೀಟು ಹೊದಿಸಿದ ಮನೆಯನ್ನೂ 'ಅಕ್ರಮ' ಎಂಬ ಒಂದೇ ಮಾತಿನಲ್ಲಿ ಕಟ್ಟಿದರೆ ಅದೂ ನ್ಯಾಯವಲ್ಲ.

ಈಗ ಅದೇ ಕಥೆ ಕೆಂಗೇರಿಯಾಚೆ ನಡೆದಿದೆ. ನಾಡಪ್ರಭು ಕೆಂಪೇಗೌಡ ಬಡಾವಣೆಗೆ 12 ಹಳ್ಳಿಗಳ ಜಮೀನಿನ ಮೇಲೆ 2008ರಲ್ಲಿ ಪ್ರಾಥಮಿಕ, 2010ರಲ್ಲಿ ಅಂತಿಮ ಅಧಿಸೂಚನೆ ಬಂತು. ಒಟ್ಟು 4 ಸಾವಿರ ಎಕರೆಗೂ ಹೆಚ್ಚು. ಈ ಸಲ ರೈತರಿಗೆ ಹಣದ ಬದಲು ಅಭಿವೃದ್ಧಿಯಾದ ಜಾಗದಲ್ಲಿ ಶೇ 40ರ ಪಾಲಿನ ಆಯ್ಕೆ ಸಿಕ್ಕಿದ್ದು ಹಿಂದಿಗಿಂತ ಮೇಲು. ಆದರೂ ಹಂಚುತ್ತಿರುವುದು ಮತ್ತೆ ಸೈಟನ್ನೇ. 2021ರಲ್ಲಿ ಮೆಟ್ರೊ ಕೆಂಗೇರಿ ಮುಟ್ಟಿತು. ನಿಲ್ದಾಣದ ಹತ್ತಿರದ ಜಾಗದ ಬೆಲೆ ಯಾವ ಕಡೆ ಹೋಗುತ್ತದೆಂದು ಹೇಳಬೇಕಿಲ್ಲ.

2031ರ ಮಹಾಯೋಜನೆಯ ಕರಡು 2017ರಲ್ಲಿ ಹೊರಬಂದು 2020ರಲ್ಲಿ ಹಿಂದಕ್ಕೆ ಹೋಯಿತು. ಮುಂದಿನ ಕರಡು ಬಂದಾಗ ನಾವು ಕೇಳಬೇಕಾದ್ದು ಮೂರು. ಗ್ರಾಮಠಾಣಾಗಳ ಬಾಡಿಗೆ ಮನೆಗಳನ್ನು ವಸತಿ ಎಂದು ಲೆಕ್ಕಕ್ಕೆ ತೆಗೆದುಕೊಂಡು ಅಲ್ಲಿಗೆ ನೀರು, ಒಳಚರಂಡಿ ಕೊಡುತ್ತೀರಾ? ಹೊಸ ಬಡಾವಣೆಯಲ್ಲಿ ಮಾರಲಾಗದ ಸರ್ಕಾರಿ ಬಾಡಿಗೆ ಮನೆಗಳಿಗೆ ಜಾಗ ಉಳಿಸುತ್ತೀರಾ? ಹೊಲ ಕಳೆದುಕೊಳ್ಳುವ ಊರಿನವರನ್ನು ಗೆರೆ ಎಳೆಯುವ ಮೊದಲೇ ಕೂರಿಸಿ ಕೇಳುತ್ತೀರಾ? ಆಕ್ಷೇಪಣೆ ಸಲ್ಲಿಸಲು ಕಾನೂನು ಕೊಡುವ ಅವಧಿ ಚಿಕ್ಕದು. ಬಾಡಿಗೆದಾರರೂ ಆಕ್ಷೇಪಣೆ ಬರೆಯಬಹುದು ಎಂಬುದನ್ನು ಈಗಲೇ ನಮ್ಮ ನಮ್ಮ ಓಣಿಗಳಲ್ಲಿ ಹೇಳೋಣ.