ಗಂಟು ಕಾಣುವ ಮೊದಲೇ ಬಾಯೊಳಗೆ ಏನಾಗುತ್ತದೆ? ನೂರು ವರ್ಷದ ಹುಡುಕಾಟದ ಕಥೆ

ನಮ್ಮ ಕಡೆ ಮದುವೆಗೆ ಕರೆಯಬೇಕಾದರೂ ಎಲೆ ಅಡಿಕೆ ಬೇಕು, ರಾಜಿ ಪಂಚಾಯ್ತಿ ಮುಗಿಸಬೇಕಾದರೂ ಎಲೆ ಅಡಿಕೆ ಬೇಕು. ಇಲ್ಲಿ ಬರೆಯುವ ನಮ್ಮಲ್ಲಿ ಕೆಲವರು ಓದಿದ್ದೇ ಅಡಿಕೆಯ ದುಡ್ಡಿನಲ್ಲಿ. ಹಾಗಾಗಿ ಈ ಬರಹ ನಮಗೂ ಸುಲಭವಾಗಿರಲಿಲ್ಲ.

ಹೋದ ವರ್ಷ ನಮ್ಮೂರಿನ ಹಿರಿಯರೊಬ್ಬರು ತೀರಿಕೊಂಡರು. ಕೆನ್ನೆಯ ಒಳಗೆ ಬಿಳಿ ಮಚ್ಚೆ ಇತ್ತು. "ಸುಣ್ಣ ಸುಟ್ಟಿದ್ದು, ಹೋಗ್ತದೆ ಬಿಡ್ರೋ" ಎನ್ನುತ್ತಲೇ ಮೂರು ವರ್ಷ ಕಳೆದರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕತ್ತಿನಲ್ಲಿ ಗಂಟು ಬಂದಿತ್ತು. ಆ ಮೂರು ವರ್ಷ ಅವರ ಬಾಯೊಳಗೆ ನಡೆದದ್ದೇನು? ಇದನ್ನು ತಿಳಿಯಲು ವೈದ್ಯಲೋಕಕ್ಕೆ ಸುಮಾರು ನೂರು ವರ್ಷ ಹಿಡಿಯಿತು.

ನೆಯ್ಯೂರಿನ ಆಸ್ಪತ್ರೆ

ಕಥೆ ಶುರುವಾಗುವುದು ದಕ್ಷಿಣ ಭಾರತದಲ್ಲೇ. ಆಗಿನ ತಿರುವಾಂಕೂರು ಸಂಸ್ಥಾನದ ನೆಯ್ಯೂರು ಈಗ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿದೆ. ಅಲ್ಲಿನ ಮಿಷನ್ ಆಸ್ಪತ್ರೆಗೆ ಬಾಯಿ ಕ್ಯಾನ್ಸರ್ ರೋಗಿಗಳು ಸಾಲುಗಟ್ಟಿ ಬರುತ್ತಿದ್ದರು. 1908ರಲ್ಲಿ ಡಾ. ಫೆಲ್ಸ್ ಇಂಥ 209 ಆಪರೇಷನ್‌ಗಳ ವಿವರವನ್ನು ಬ್ರಿಟನ್ನಿನ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1933ರಲ್ಲಿ ಡಾ. ಓರ್ ತಿರುವಾಂಕೂರಿನ ಎಲೆ ಅಡಿಕೆ ಅಗಿಯುವವರ ಬಾಯಿ ಕ್ಯಾನ್ಸರ್ ಬಗ್ಗೆ ವಿವರವಾಗಿ ಬರೆದರು. ಅಗಿಯುವುದಕ್ಕೂ ಈ ಕಾಯಿಲೆಗೂ ನಂಟಿದೆ ಎಂಬುದು ಹೀಗೆ ದಾಖಲಾಯಿತು. ಆದರೆ ಒಳಗೆ ಏನಾಗುತ್ತದೆ ಎಂದು ಹೇಳಲು ಅವರ ಬಳಿ ಸಾಧನ ಇರಲಿಲ್ಲ.

ಬಾಯಿ ತೆರೆಯಲಾಗದ ಐವರು ಹೆಂಗಸರು

1952ರಲ್ಲಿ ಶ್ವಾರ್ಟ್ಜ್ ಎಂಬ ವೈದ್ಯರು ಆಫ್ರಿಕಾದ ಕೀನ್ಯಾದಲ್ಲಿದ್ದ ಭಾರತೀಯ ಮೂಲದ ಐವರು ಹೆಂಗಸರ ಬಗ್ಗೆ ಬರೆದರು. ಅವರ ಬಾಯಿ ಬಿಗಿದುಕೊಂಡು ತೆರೆಯುತ್ತಲೇ ಇರಲಿಲ್ಲ. ಮರುವರ್ಷ ಮುಂಬೈನ ಡಾ. ಜೋಶಿ ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರಿಟ್ಟರು. ಗುಟ್ಕಾ ತಿನ್ನುವ ಹುಡುಗರು ಮೂರು ಬೆರಳು ಬಾಯಿಗೆ ಹಾಕಲಾಗದೆ ಒದ್ದಾಡುವುದು ಇದೇ ಕಾಯಿಲೆಯಿಂದ.

ಇದು ಕೂಡ ಒಂದು ಪ್ರೋಟೀನಿನ ಕಥೆ. ಅದರ ಹೆಸರು ಕೊಲಾಜನ್, ಗಾಯ ಮಾಗಿದಾಗ ಕಲೆ ಕಟ್ಟುವುದು ಇದೇ. ಅಡಿಕೆಯ ರಸಕ್ಕೆ ಅದು ಬೇಡವಾದಷ್ಟು ಹುಟ್ಟಿ, ಕರಗದೆ ಉಳಿದು, ಕೆನ್ನೆ ಗಟ್ಟಿಯಾಗುತ್ತದೆ. ಇಂಥ ಕೆಲವರಲ್ಲಿ ಮುಂದೆ ಕ್ಯಾನ್ಸರ್ ಬರುತ್ತದೆ. ತಂಬಾಕು ಸೇರಿಸದ ಬರೀ ಅಡಿಕೆಯೂ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೇಳಿತು.

ಇಡೀ ಹೊಲಕ್ಕೇ ಕಳೆ

1953ರಲ್ಲಿ ಅಮೆರಿಕದ ಸ್ಲಾಟರ್ ಮತ್ತು ಸಂಗಡಿಗರು 783 ಬಾಯಿ ಕ್ಯಾನ್ಸರ್ ರೋಗಿಗಳನ್ನು ಅಭ್ಯಾಸ ಮಾಡಿದರು. ಗಂಟಿನ ಸುತ್ತ ಕಣ್ಣಿಗೆ ಚೆನ್ನಾಗಿಯೇ ಕಾಣುವ ಚರ್ಮ ಕೂಡ ಸೂಕ್ಷ್ಮದರ್ಶಕದಲ್ಲಿ ಕೆಟ್ಟಿತ್ತು. ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕಳೆ ಗಿಡ ಎದ್ದು ಕಂಡಿದೆ ಎಂದರೆ ಬೀಜ ಇಡೀ ಹೊಲದಲ್ಲಿ ಬಿದ್ದಿದೆ. ಅವರೂ ಇದನ್ನು ಹೊಲಕ್ಕೇ ಹೋಲಿಸಿ ಹೆಸರಿಟ್ಟರು.

ಕಾವಲುಗಾರನೇ ಕೆಟ್ಟಾಗ

ಪ್ರೋಟೀನ್ ಎಂದರೆ ಬೇಳೆ, ಮೊಟ್ಟೆಯಲ್ಲಿ ಇರುವುದಷ್ಟೇ ಅಲ್ಲ. ನಮ್ಮ ಪ್ರತಿ ಜೀವಕೋಶ ತನ್ನ ಕೆಲಸಕ್ಕೆ ಬೇಕಾದ ಪ್ರೋಟೀನುಗಳನ್ನು ತಾನೇ ಮಾಡಿಕೊಳ್ಳುತ್ತದೆ. ಯಾವುದು ಎಷ್ಟು ಎಂಬ ಲೆಕ್ಕ ಇರುತ್ತದೆ. ಆ ಲೆಕ್ಕ ತಪ್ಪುತ್ತಾ ಹೋಗುವುದೇ ಕ್ಯಾನ್ಸರಿನ ದಾರಿ.

1979ರಲ್ಲಿ ಪಿ53 ಎಂಬ ಪ್ರೋಟೀನ್ ಸಿಕ್ಕಿತು. ಗಡ್ಡೆಗಳಲ್ಲಿ ಅದು ಹೆಚ್ಚು ಕಂಡಿದ್ದರಿಂದ ಹತ್ತು ವರ್ಷ ಅದನ್ನೇ ಕಳ್ಳ ಎಂದುಕೊಂಡಿದ್ದರು. 1989ರ ಹೊತ್ತಿಗೆ ಗೊತ್ತಾಯಿತು, ಅದು ಕಳ್ಳನಲ್ಲ, ಕಾವಲುಗಾರ. ಕೆಟ್ಟ ಕೋಶ ಬೆಳೆಯದಂತೆ ತಡೆಯುವುದು ಅದರ ಕೆಲಸ. ಸರಿಯಿದ್ದಾಗ ಅದು ತನ್ನ ಕೆಲಸ ಮುಗಿಸಿ ಬೇಗ ಕರಗುತ್ತದೆ. ತಂಬಾಕಿನಂಥ ವಿಷದಿಂದ ಅದರ ಜೀನ್ ಕೆಟ್ಟರೆ, ಕೆಲಸಕ್ಕೆ ಬಾರದ ಪಿ53 ಕರಗದೆ ಕೋಶದಲ್ಲಿ ರಾಶಿ ಬೀಳುತ್ತದೆ. ಬಯಾಪ್ಸಿ ತುಂಡಿಗೆ ವಿಶೇಷ ಬಣ್ಣ ಹಾಕಿದರೆ ಅದು ಕಂದು ಚುಕ್ಕೆಯಾಗಿ ಕಾಣುತ್ತದೆ. ಕೆಲವರಲ್ಲಿ ಗಂಟು ಏಳುವ ಮೊದಲು, ಬಿಳಿ ಮಚ್ಚೆಯಲ್ಲೇ.

ಜೊತೆಗೆ 'ಬೆಳೆ, ಬೆಳೆ' ಎಂಬ ಸೂಚನೆ ಹಿಡಿಯುವ ಇಜಿಎಫ್‌ಆರ್ ಪ್ರೋಟೀನ್ ಹೆಚ್ಚುತ್ತದೆ. ಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ಇ-ಕ್ಯಾಡ್ಹೆರಿನ್ ಕಡಿಮೆಯಾಗುತ್ತದೆ. ಅಂಟು ಬಿಟ್ಟ ಕೋಶಗಳು ಕತ್ತಿನ ಗ್ರಂಥಿಗೆ ಹೊರಡುತ್ತವೆ. ನಮ್ಮೂರಿನ ಹಿರಿಯರ ಕತ್ತಿಗೆ ಗಂಟು ಬಂದದ್ದೂ ಕೆನ್ನೆಯಿಂದ ಹೊರಟ ಕೋಶಗಳಿಂದ.

ಈ ತಿಳಿವಳಿಕೆಯಿಂದ ಔಷಧವೂ ಬಂತು. ಇಜಿಎಫ್‌ಆರ್ ತಡೆಯುವ, ಕ್ಯೂಬಾದಲ್ಲಿ ಹುಟ್ಟಿದ ನಿಮೋಟುಜುಮಾಬ್ ಔಷಧವನ್ನು ಬೆಂಗಳೂರಿನ ಬಯೋಕಾನ್ 2006ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಆದರೆ ಒಂದೇ ಪ್ರೋಟೀನ್ ನೋಡಿ 'ಈ ಮಚ್ಚೆ ಕ್ಯಾನ್ಸರ್ ಆಗೇ ಆಗುತ್ತದೆ' ಎಂದು ಖಚಿತವಾಗಿ ಹೇಳುವ ಪರೀಕ್ಷೆ ಇನ್ನೂ ಬಂದಿಲ್ಲ.

ಟಾರ್ಚ್ ಸಾಕು

ಹಾಗಾದರೆ ಹಳ್ಳಿಯವರಿಗೆ ಏನು ದಾರಿ? ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕು ಬಿಟ್ಟು ಜನರ ಬಾಯಿ ನೋಡಿದರು. ಅನುಮಾನ ಬಂದವರನ್ನು ವೈದ್ಯರ ಬಳಿ ಕಳಿಸಿದರು. 2005ರಲ್ಲಿ ಫಲಿತಾಂಶ ಬಂತು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ. 34ರಷ್ಟು ಕಡಿಮೆಯಾಗಿತ್ತು.

ಪ್ರೋಟೀನಿನ ಲೆಕ್ಕ ತಪ್ಪಿದ್ದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಮಚ್ಚೆ ಕಾಣುತ್ತದೆ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಖಾರ ತಾಗಿದರೆ ಉರಿ, ಬಿಗಿಯಾಗುವ ಬಾಯಿ, ಇವುಗಳಲ್ಲಿ ಒಂದಿದ್ದರೂ ದಂತ ವೈದ್ಯರಿಗೆ ತೋರಿಸಿ. ನೋಯುತ್ತಿಲ್ಲ ಎಂದು ಸುಮ್ಮನಿರಬೇಡಿ, ಮೊದಲಿಗೆ ಅದು ಹೆಚ್ಚಾಗಿ ನೋಯುವುದಿಲ್ಲ.

ನಮ್ಮೂರಿನ ಹಿರಿಯರ ಮಚ್ಚೆಯನ್ನು ಮನೆಯವರೆಲ್ಲ ನೋಡಿದ್ದರು, ನಾವೂ ನೋಡಿದ್ದೆವು. ಅದು ಸುಣ್ಣದ ಸುಟ್ಟ ಗಾಯ ಅಲ್ಲದೇ ಇರಬಹುದು ಎಂದು ನಾವ್ಯಾರೂ ಹೇಳಲಿಲ್ಲ. ಇಂದು ರಾತ್ರಿ ಊಟವಾದ ಮೇಲೆ ಮೊಬೈಲಿನ ಟಾರ್ಚ್ ಹಾಕಿ, ಮನೆಯ ಹಿರಿಯರಿಗೆ "ಒಮ್ಮೆ ಬಾಯಿ ತೆಗೀರಿ" ಎನ್ನಿ.