ಗಡ್ಡದ ಓತಿಯೂ ನಮ್ಮೂರ ಓತಿಕ್ಯಾತನೂ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನವರು ಬಿಯರ್ಡೆಡ್ ಡ್ರ್ಯಾಗನ್ ಸಾಕಿದ್ದಾರೆ. ಗಾಜಿನ ಪೆಟ್ಟಿಗೆ, ಮೇಲೊಂದು ಬಲ್ಬು, ಊಟಕ್ಕೆ ಟೈಮ್ ಟೇಬಲ್ಲು. ಸಿಟ್ಟು ಬಂದಾಗ ಗಂಟಲು ಉಬ್ಬಿಸಿ ಮುಳ್ಳುಮುಳ್ಳು ಗಡ್ಡ ತೋರಿಸುತ್ತೆ. ಅದಕ್ಕೇ ನಾನು ಅದನ್ನ ಗಡ್ಡದ ಓತಿ ಅಂತಲೇ ಕರೆಯೋದು.

ತಮಾಷೆಗಲ್ಲ, ಇದು ನಿಜಕ್ಕೂ ಓತಿಯೇ. ನಮ್ಮ ಬೇಲಿ ಮೇಲಿನ ಓತಿಕ್ಯಾತ, ಬಂಡೆ ಮೇಲಿನ ಕಲ್ಲು ಓತಿ, ತೇಜಸ್ವಿಯವರು 1980ರಲ್ಲಿ 'ಕರ್ವಾಲೊ'ದಲ್ಲಿ ನಮ್ಮನ್ನೆಲ್ಲ ಹುಡುಕಾಡಿಸಿದ ಹಾರುವ ಓತಿ, ಎಲ್ಲವೂ ಅಗಾಮಿಡೇ ಅನ್ನೋ ಒಂದೇ ಕುಟುಂಬ. ಓತಿಕ್ಯಾತಕ್ಕೆ ವೈಜ್ಞಾನಿಕ ಹೆಸರು ಸಿಕ್ಕಿದ್ದು 1802ರಲ್ಲಿ, ಕಲ್ಲು ಓತಿಗೆ 1831ರಲ್ಲಿ. ಗಡ್ಡದ ಓತಿಯನ್ನು ಜರ್ಮನಿಯ ಅರ್ನ್ಸ್ಟ್ ಆಲ್ ವರ್ಣಿಸಿದ್ದು 1926ರಲ್ಲಿ. ಪುಸ್ತಕದ ಲೆಕ್ಕದಲ್ಲಿ ನಮ್ಮವೇ ಸೀನಿಯರ್ :)

ಅದರ ತವರು ಆಸ್ಟ್ರೇಲಿಯಾದ ಒಣ ಒಳನಾಡು. ಅಲ್ಲಿ ಸಿಕ್ಕಿದ್ದನ್ನು ತಿಂದೇ ಬದುಕಬೇಕು. ಮರಿಗಳು ಹೆಚ್ಚಾಗಿ ಹುಳ ತಿಂದು ಬೆಳೆಯುತ್ತವೆ, ದೊಡ್ಡವಾದ ಮೇಲೆ ಸೊಪ್ಪು, ಹೂವಿನ ಪಾಲು ಹೆಚ್ಚುತ್ತೆ. ಜೀವನಪೂರ್ತಿ ಬರೀ ಹುಳ ಹಾಕಿದರೆ ಕ್ಯಾಲ್ಸಿಯಂ ಸಾಲದು. ಕ್ಯಾಲ್ಸಿಯಂ ಕೊಟ್ಟರೂ, ಬಿಸಿಲಿನ ನೇರಳಾತೀತ ಕಿರಣ ಇಲ್ಲದಿದ್ದರೆ ಡಿ ವಿಟಮಿನ್ ತಯಾರಾಗಲ್ಲ, ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತೆ. ಕಿಟಕಿ ಗಾಜಿನ ಹಿಂದೆ ಬಿಸಿಲಿಗಿಟ್ಟರೆ ಸಾಲದೇ ಅಂತ ಕೇಳಬೇಡಿ. ಬೇಕಾದ ಕಿರಣವನ್ನು ಗಾಜು ತಡೆದುಬಿಡುತ್ತೆ. ಅದಕ್ಕೇ ಆ ವಿಶೇಷ ಬಲ್ಬು.

ಇದಕ್ಕಿಂತ ನನ್ನನ್ನು ಕಾಡಿದ್ದು ಮಿಂಚುಹುಳದ ಕಥೆ. ಅಮೆರಿಕದ ಮನೆಗಳಲ್ಲಿ ಸಾಕಿದ ಗಡ್ಡದ ಓತಿಗಳು ಅಲ್ಲಿನ ಮಿಂಚುಹುಳ ತಿಂದು ಸತ್ತವು. ಕಾರಣ ಹುಳದೊಳಗಿನ ವಿಷ ಅಂತ 1999ರಲ್ಲಿ ವಿಜ್ಞಾನಿಗಳು ಬರೆದರು. ಆ ಜಾತಿಯ ಹುಳ ಇದರ ಪೂರ್ವಜರ ಊರಲ್ಲಿ ಇರಲೇ ಇಲ್ಲ. "ಇದನ್ನ ತಿನ್ನಬೇಡ" ಅನ್ನೋ ಪಾಠ ಎಲ್ಲಿಂದ ಬರಬೇಕು ಪಾಪ?

ತಲೆ ಆಡಿಸೋದೂ ಹಾಗೇ, ಹಳೇ ಆಸ್ತಿ. ಗಂಡು ಜೋರಾಗಿ ತಲೆ ಆಡಿಸಿದರೆ "ಇದು ನನ್ನ ಜಾಗ" ಅಂತ. ಒಂದು ಕೈ ಎತ್ತಿ ನಿಧಾನವಾಗಿ ಬೀಸಿದರೆ "ಸರಿ ಅಣ್ಣ, ಜಗಳ ಬೇಡ" ಅಂತ. ನಮ್ಮ ಓತಿಕ್ಯಾತನೂ ಬೇಲಿಗೂಟದ ಮೇಲೆ ಕೂತು ತಲೆ ಆಡಿಸುತ್ತೆ. ಆದರೆ ನಾವು ಅದಕ್ಕೆ ಕೊಟ್ಟಿದ್ದು ಕಲ್ಲೇಟು, ಅಣಕಿಸ್ತಿದೆ ಅಂತ. ಗಂಡಿಗೆ ಬೆದೆಗಾಲದಲ್ಲಿ ಗಂಟಲು ಕೆಂಪಾದರೆ ರಕ್ತ ಹೀರುತ್ತೆ ಅಂತ ಇನ್ನೊಂದು ಅಪವಾದ. ಇಂಗ್ಲಿಷಿನವರೂ 'ಬ್ಲಡ್‌ಸಕರ್' ಅಂತಲೇ ಕರೆದರು.

1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡಿತು. ಆಮೇಲೆ ಬೆಂಗಳೂರು ಎಲ್ಲಾ ದಿಕ್ಕಿಗೂ ಹಬ್ಬಿತು. ಈ ಬೆಳೆದ ಊರಿನ ಅಂಚಿನಲ್ಲಿ ಕಲ್ಲು ಓತಿ ಹೇಗೆ ಬದುಕುತ್ತಿದೆ ಅಂತ ನೋಡಿದವರು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಅವರ ತಂಡ. ಎರಡು ಅಡಗುತಾಣಗಳಲ್ಲಿ ಯಾವುದು ಸುರಕ್ಷಿತ ಅಂತ ಕಲಿಯುವ ಪರೀಕ್ಷೆ ಇಟ್ಟರು. ಹಳ್ಳಿ ಕಡೆಯ ಓತಿಗಳಿಗಿಂತ ಊರಂಚಿನ ಓತಿಗಳು ಬೇಗ ಕಲಿತವು ಅಂತ 2019ರಲ್ಲಿ ಪ್ರಕಟಿಸಿದರು.

ಇವಕ್ಕೆ ಬಲ್ಬೂ ಬೇಡ, ಟೈಮ್ ಟೇಬಲ್ಲೂ ಬೇಡ. ಹುಳ ಸಿಗೋ ಪೊದೆ, ಬಿಸಿಲಿಗೆ ಕಾದ ಬಂಡೆ, ಹೊಕ್ಕು ಕೂರಲು ಒಂದು ಬಿರುಕು ಉಳಿಸಿದರೆ ಸಾಕು.